ಇಪ್ಪತ್ತು ಕೇಜಿ

ಹಾಸನದ ಎಪಿಎಂಸಿ ಯಾರ್ಡಿನ ಹಿಂದುಗಡೆ
ಲಾರಿ ತೂಗುವ ತಟ್ಟೆ. ಪಕ್ಕದಲ್ಲೊಂದು ಕೋಣೆ.
ಕೋಣೆಗೆ ಎರಡು ಕಿಂಡಿ:
ಒಂದು ಕಂಬಿಯ ಕಿಟಕಿ, ತಟ್ಟೆಯ ಕಡೆಗೆ;
ಇನ್ನೊಂದು, ಗೋಡೆಯಲ್ಲಿ ಅಂಗೈಯಗಲದ ಗಂಡಿ,
ಚೀಟಿ ಆಚೆಗೆ, ದುಡ್ಡು ಈಚೆಗೆ.

ಮೂರನೆಯದನ್ನು ತೆರೆಯಲು
ನನ್ನನ್ನು ಕರೆಸಿದ್ದರು.

ಜವರಮ್ಮ ಕುರ್ಚಿ ಬಿಟ್ಟುಕೊಡಲಿಲ್ಲ.
ಹತ್ತೊಂಬತ್ತು ವರ್ಷದ ಕುರ್ಚಿ ಅದು.
ಬಿತ್ತನೆ ಆಲೂಗೆಡ್ಡೆಯ ಮೂಟೆ ಮೇಲೆ ಕೂತು
ತೊಡೆಯ ಮೇಲೆ ಲ್ಯಾಪ್‌ಟಾಪಿಟ್ಟು ಬರೆಯತೊಡಗಿದೆ:
ಅಗಲ ಸಾವಿರದ ಇಪ್ಪತ್ತನಾಲ್ಕು,
ಎತ್ತರ ಏಳುನೂರ ಅರವತ್ತೆಂಟು.
ಅವಳ ಮಾನಿಟರ್ ಇದ್ದದ್ದೇ ಅಷ್ಟು. ಬಡಗಿಯಾದರೂ
ಗೋಡೆ ನೋಡಿಯೇ ಅಳತೆ ಹಿಡಿಯುತ್ತಾನೆ.

"ಮಗಳು ಸೀರೆ ನೋಡ್ತಾಳಲ್ಲ ಫಯಾಜು,
ಆ ಬ್ರೌಸರೇ ಅಲ್ವಾ ಇದು?"
ಹೌದು, ಅದೇ. ವಿಳಾಸದ ಪಟ್ಟಿ ಕಿತ್ತು,
ಹಿಂದೆ ಮುಂದೆ ಹೋಗುವ ಬಾಣ ಕಿತ್ತು,
ಊರೂರು ಸುತ್ತುವ ಚಪಲ ಕಿತ್ತು
ಒಂದೇ ಪುಟಕ್ಕೆ ಕಟ್ಟಿಹಾಕಿದ ಬ್ರೌಸರು.
"ಹಂಗಾದ್ರೆ ನನ್ನಂಗೇ," ಅಂದಳು.

ಒಳಗೆ ಎರಡು ಜೀವ ಇಟ್ಟೆ.
ಒಂದಕ್ಕೆ ಕಡತ, ಪ್ರಿಂಟರು, ತಟ್ಟೆಯಿಂದ ಬರುವ ವೈರು
ಎಲ್ಲ ಮುಟ್ಟುವ ಹಕ್ಕು; ಮುಖವಿಲ್ಲ.
ಇನ್ನೊಂದಕ್ಕೆ ಬರೀ ಮುಖ:
ಬಣ್ಣ, ಅಕ್ಷರ, ಗುಂಡಿ. ಕೈಯಿಲ್ಲ.
ನಡುವೆ ಗೋಡೆ. ಗೋಡೆಯಲ್ಲೊಂದು ಗಂಡಿ.
ತೂಕ ಈಚೆಗೆ, ಚೀಟಿಯ ಅಪ್ಪಣೆ ಆಚೆಗೆ,
ಬೇರೇನೂ ದಾಟಕೂಡದು.
ಪಾಠ ಓದಿದಾಗ ಇದು ತಲೆಗೆ ಹತ್ತಿರಲಿಲ್ಲ.
ಜಲಂಧರದ ಡ್ರೈವರೊಬ್ಬ ಮೊಣಕೈವರೆಗೆ ತೂರಿಸಿ
ಪೆನ್ನಿಗಾಗಿ ಮೇಜು ತಡಕಾಡುವಾಗ
ಜವರಮ್ಮ ಸ್ಕೇಲಿನಲ್ಲಿ ಒಂದು ಬಾರಿಸಿದಳು.
ಆಗ ಹತ್ತಿತು.

ಮೊದಲ ಸಲ ಕಿಟಕಿ ತೆರೆದಾಗ ಬೆಳ್ಳಗೆ.
ಬರೀ ಬೆಳ್ಳಗೆ, ಮೂರು ಸೆಕೆಂಡು,
ಆಮೇಲೆ ಪುಟ.
ಆ ಮೂರು ಸೆಕೆಂಡಲ್ಲಿ ಅವಳು ಎದೆ ಹಿಡಿದುಕೊಂಡಳು:
"ಲೆಕ್ಕ ಎಲ್ಲಾ ಹೋಯ್ತೇನಪ್ಪಾ?"

ಪುಟ ಸಿದ್ಧವಾಗುವವರೆಗೆ ತೋರಿಸಬೇಡ
ಎಂದೊಂದು ಸಾಲು ಬರೆದೆ.
ಈಗ ಬಿಳಿಯೂ ಇಲ್ಲ, ಏನೂ ಇಲ್ಲ.
ಏನೂ ಇಲ್ಲವೆಂದು ಮತ್ತೆ ಒತ್ತಿದಳು, ಮತ್ತೆ,
ಹನ್ನೊಂದು ಸಲ.
ಹನ್ನೊಂದು ಕಿಟಕಿ ಒಂದರ ಮೇಲೊಂದು ಬಿದ್ದವು.
ಮೊದಲನೆಯದು ವೈರು ಬಿಗಿಹಿಡಿದು ಕೂತಿತ್ತು,
ಉಳಿದ ಹತ್ತು ವೈರಿಗಾಗಿ ಬಾಯಿ ಬಡಿದುಕೊಂಡವು.

ಬೀಗ ಹಾಕಿದೆ: ಒಂದಿರುವಾಗ ಇನ್ನೊಂದು ಹುಟ್ಟಬಾರದು,
ಇರುವುದೇ ಎದ್ದು ಮುಂದೆ ಬರಬೇಕು.
ಹಿನ್ನೆಲೆಗೆ ಗೋಣಿಚೀಲದ ಬಣ್ಣ ಬಳಿದು
ಒತ್ತಿದ ಕೂಡಲೇ ತೋರಿಸು ಎಂದೆ.
ಕಾಯುವುದಾದರೆ ಗುರುತಿನ ಬಣ್ಣ ನೋಡುತ್ತ ಕಾಯಲಿ.
"ಈಗ ಸರಿ. ಬತ್ತಾ ಐತೆ ಅಂತ ಗೊತ್ತಾಯ್ತದೆ."

ಮೂಲೆಯ ಗುಣಿಸು ಚಿಹ್ನೆ ಮಾತ್ರ ಅವಳಿಗೆ ಹಿಡಿಸಲಿಲ್ಲ.
"ಲಾರಿ ತಟ್ಟೆ ಮ್ಯಾಲಿರುವಾಗ
ಯಾವ ಮಾರಾಯ ಕಿಟಕಿ ಮುಚ್ತಾನೆ?"
ಅದನ್ನೂ ಬರೆದೆ.
ಅವಳ ಮಾತಿನಷ್ಟು ಚುಟುಕಾಗಿ ಬರಲಿಲ್ಲ.

ಏಳು ಗಂಟೆ. ಕೊನೆಯ ಲಾರಿ ಬಿಎಂ ರಸ್ತೆ ಹಿಡಿದಾಗಿತ್ತು.
ಅಂಕಿ ಸೊನ್ನೆಗೆ ಇಳಿಯಬೇಕು. ಇಳಿಯಲಿಲ್ಲ.
ಇಪ್ಪತ್ತು.
ವೈರು ಕಿತ್ತು ಹಾಕಿದೆ, ಇಪ್ಪತ್ತು.
ಗಂಡಿಯಲ್ಲಿ ದಾಟುವ ಒಂದೊಂದಕ್ಕೂ ಕಾವಲು ಕೂರಿಸಿದೆ:
ಬಂದದ್ದು ಇಪ್ಪತ್ತು, ಕೊಟ್ಟದ್ದು ಇಪ್ಪತ್ತು.
ಅರ್ಧ ಗಂಟೆ
ನನ್ನ ಕಿಟಕಿಯೊಳಗೆ ಕಣ್ಣು ನೆಟ್ಟು ಬೆವರಿದೆ.

ಜವರಮ್ಮ ಡಬ್ಬಿಯನ್ನು ಚೀಲಕ್ಕಿಳಿಸಿ ಎದ್ದಳು.
ತನ್ನ ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡಿದಳು.
"ನಾಯಿ ಕಣೋ."

ತಟ್ಟೆಯ ನಟ್ಟನಡುವೆ,
ಹಗಲೆಲ್ಲ ಕಾದ ಕಬ್ಬಿಣದ ಮೇಲೆ
ಕಂದು ನಾಯಿಯೊಂದು ಸುರುಳಿ ಸುತ್ತಿ ಮಲಗಿತ್ತು.

ಓಡಿಸಲಾ ಎಂದೆ.
"ಬ್ಯಾಡ. ಚೀಟಿ ಬತ್ತದಾ ನೋಡು."

ಗುಂಡಿ ಒತ್ತಿದೆ. ಪ್ರಿಂಟರು ಗಂಟಲು ಕೆರೆದುಕೊಂಡಿತು.
ಹೊಸ ಕಿಟಕಿಯಿಂದ ಬಂದ ಮೊದಲ ಚೀಟಿ:
ವಾಹನ ಸಂಖ್ಯೆ ಖಾಲಿ, ಸರಕು ಖಾಲಿ,
ತೂಕ ಇಪ್ಪತ್ತು ಕೇಜಿ.
ಹಳೇ ರಿಜಿಸ್ಟರಿನ ಕೊನೇ ಹಾಳೆಗೆ
ಅನ್ನದಗುಳಲ್ಲಿ ಅಂಟಿಸಿ
ಅವಳು ದೀಪ ಆರಿಸಿದಳು.